ಕರಿ ನೆಲ, ಕೆಂಪು ನೆಲ: ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ವರ್ಷಪೂರ್ತಿ ತಿಂಗಳಿಗೊಂದು ಕಡೆ ಹುಡುಗರನ್ನು ಗಾಡಿಯಲ್ಲಿ ಕರಕೊಂಡು ಹೋಗಬೇಕು ಅಂತ ಪಟ್ಟಿ ಕಳಿಸಿದ್ದೀ. ಪಟ್ಟಿ ಚಲೋ ಅದ, ಆದರೆ ಹಿಂದುಮುಂದಾಗಿದೆ. ಮೇ ತಿಂಗಳಿಗೆ ಯಾದಗಿರಿ ಕೋಟೆ, ಆಗಸ್ಟಿಗೆ ಭೀಮಾ ದಂಡೆಯ ಸನ್ನತಿ ಹಾಕಿದ್ದೀ. ನಮ್ಮ ಸೀಮೆಯಲ್ಲಿ ದೂರ ನೋಡಿ ಊರು ಆರಿಸಬಾರದವ್ವ, ನೆಲ ನೋಡಿ ಆರಿಸಬೇಕು. ಕಲಬುರಗಿಯಿಂದ ಭೀಮಾ ದಂಡೆಯವರೆಗೆ ಎರೆಭೂಮಿ, ಅಂದರೆ ಕರಿ ನೆಲ; ಬೀದರ್ ಕೂತಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ. ಎರೆ ನೀರು ಕುಡಿದು ಉಬ್ಬುತ್ತದೆ, ಕೆಂಪು ನೆಲ ನೀರನ್ನು ಬಿಟ್ಟುಕೊಡುತ್ತದೆ. ಅದಕ್ಕೆ ಮಳೆಗಾಲವನ್ನು ಬೀದರಿಗೆ ಇಡು, ಚಳಿಗಾಲವನ್ನು ಭೀಮಾ ದಂಡೆಗೆ ಇಡು. ಬೇಸಿಗೆಯಲ್ಲಿ ಎಲ್ಲಿಗೆ ಹೋದರೂ ಬೆಳಗಿನ ಹತ್ತರೊಳಗೆ ನೆರಳಿಗೆ ಬಂದುಬಿಡಬೇಕು.

ಎರೆಯ ಮೇಲೆ ಮಳೆ ಬಿದ್ದ ದಿನ ಡಾಂಬರು ಬಿಟ್ಟು ಇಳಿಯಬೇಡ. ನೂರು ಹೆಜ್ಜೆ ಒಳಗಿರುವ ಗುಡಿಗೂ ನಡೆದುಕೊಂಡೇ ಹೋಗಿರಿ. ರಾಡಿ ಟೈರಿನ ಗೀರುಗಳಲ್ಲಿ ಮೆತ್ತಿಕೊಂಡರೆ ಟೈರು ಕುಂಬಾರನ ಮಡಕೆಯ ಹಾಗೆ ನುಣ್ಣಗಾಗುತ್ತದೆ, ಹಿಡಿತವೇ ಇರುವುದಿಲ್ಲ. ಆಮೇಲೆ ರಾಡಿ ಮಡ್‌ಗಾರ್ಡ್‌ವರೆಗೂ ಗಟ್ಟಿಯಾಗಿ ತುಂಬಿ ಗಾಲಿ ತಿರುಗದ ಹಾಗೆ ಮಾಡುತ್ತದೆ. ಸಿಕ್ಕಿಬಿದ್ದರೆ ಎಲ್ಲರೂ ಮಾಡುವ ತಪ್ಪು ಒಂದೇ, ಎಕ್ಸಲೇಟರ್ ಒತ್ತುವುದು. ಒತ್ತಿದಷ್ಟೂ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಹುಡುಗರನ್ನು ಇಳಿಸು, ಸ್ಟೇರಿಂಗ್ ನೆಟ್ಟಗೆ ಮಾಡು. ನಿನ್ನ ಗಾಡಿಗೆ ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು. ಆ ಎರಡರ ಮುಂದಿನ ರಾಡಿಯನ್ನು ಸಲಿಕೆಯಿಂದ ಇಳಿಜಾರಾಗಿ ಕೆರೆದು, ಗೀರಿನ ರಾಡಿಯನ್ನು ಕಡ್ಡಿಯಿಂದ ತೆಗೆದು, ಗೋಣಿ ಚೀಲವನ್ನೋ ತೊಗರಿ ಕಟ್ಟಿಗೆಯನ್ನೋ ಗಾಲಿಯ ಅಡಿಗೆ ತುರುಕು. ಎರಡನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡು. ಎರಡು ಸಲಕ್ಕೆ ಬರದಿದ್ದರೆ ಟ್ರ್ಯಾಕ್ಟರಿನವರನ್ನು ಕರೆ. ಹಗ್ಗವನ್ನು ಬಂಪರಿಗೆ ಕಟ್ಟಗೊಡಬೇಡ, ಎಳೆಯುವ ಕೊಂಡಿಗೇ ಕಟ್ಟಿಸು. ಡಿಕ್ಕಿಯಲ್ಲಿ ಎರಡು ಗೋಣಿ ಚೀಲ, ಒಂದು ಸಣ್ಣ ಸಲಿಕೆ, ಒಂದಡಿ ಅಗಲದ ದಪ್ಪ ಹಲಗೆ ಸದಾ ಇರಲಿ. ಹಲಗೆ ಜಾಕಿಗೆ. ಹಸಿ ಎರೆಯ ಮೇಲೆ ಬರೀ ಜಾಕ್ ಇಟ್ಟರೆ ಗಾಡಿ ಏಳುವುದಿಲ್ಲ, ಜಾಕೇ ಹೂತುಕೊಳ್ಳುತ್ತದೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೀದರ್. ಕಲಬುರಗಿಯಿಂದ ಹುಮನಾಬಾದ್ ಮೇಲೆ ಹೋದರೆ, ಹುಡುಗರು ಇದ್ದಾಗ, ಮೂರು ತಾಸು ಹಿಡಿ. ಕೋಟೆಯಲ್ಲಿ ಮೊದಲು ಮಹಲಿಗೆ ಓಡಬೇಡಿ, ಕಂದಕದ ಹತ್ತಿರ ನಿಲ್ಲಿ. ಮೂರು ಸಾಲಿನ ಕಂದಕವನ್ನು ಕೆಂಪು ಬಂಡೆಯಲ್ಲೇ ಕೊರೆದಿದ್ದಾರೆ, ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಜಂಬಿಟ್ಟಿಗೆ ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಹುಡುಗರು ಕೈಯಿಂದ ಮುಟ್ಟಿ ನೋಡಲಿ, ಅದರ ಮೈತುಂಬ ತೂತುಗಳಿವೆ. ಅದೇ ದಿನ ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ ಸಾಕು, ಅದರ ಗೋಡೆಯ ಬಣ್ಣದ ಹೆಂಚುಗಳಲ್ಲಿ ಉಳಿದಿರುವುದನ್ನು ಹುಡುಕುವುದರಲ್ಲೇ ಅರ್ಧ ತಾಸು ಹೋಗುತ್ತದೆ. ಸಂಜೆಗೆ ಬಿದರಿ ಕೆಲಸದವರ ಅಂಗಡಿ. ಕೊಳ್ಳುವುದು ಬಿಡುವುದು ಆಮೇಲೆ, ಕಪ್ಪು ಹಿಡಿಸುವುದನ್ನು ತೋರಿಸಿ ಅಂತ ಕೇಳು. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿದ ಪಾತ್ರೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ಹಚ್ಚುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ದೊಡ್ಡವನಿಗೆ ಶಾಲೆಯ ವಿಜ್ಞಾನ ಪುಸ್ತಕದ ಮೂರು ಪಾಠಕ್ಕಿಂತ ಇದು ಹೆಚ್ಚು.

ಝರಣಿ ನರಸಿಂಹನ ಗುಹೆಗೆ ಚಿಕ್ಕವಳನ್ನು ಈ ವರ್ಷ ಒಯ್ಯಬೇಡ. ಸುಮಾರು 300 ಮೀಟರ್ ಸುರಂಗ, ದೊಡ್ಡವರ ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿ. ಜನ ಹೆಚ್ಚಾದರೆ ಒಳಗೆ ಉಸಿರುಕಟ್ಟಿದ ಹಾಗಾಗುತ್ತದೆ. ದೊಡ್ಡವನನ್ನು ಒಯ್ಯುವುದಾದರೆ ವಾರದ ನಡುವೆ, ಬೆಳಿಗ್ಗೆ ಹೋಗಿ. ತೆರೆದಿದೆಯೋ ಇಲ್ಲವೋ ಮೊದಲೇ ಕೇಳಿಕೊಂಡು ಹೋಗಿ. ನೌಬಾದಿನ ಕರೇಜ್ ನೋಡುವಾಗ ಕೈ ಬಿಡಬೇಡ. ನೆಲದಡಿಯ ನೀರಿನ ಕಾಲುವೆಗೆ ಮೇಲಿಂದ ಇಳಿದ ಬಾವಿಗಳು ಆಳವಾಗಿವೆ, ಮಳೆಗಾಲದ ಹುಲ್ಲಿನಲ್ಲಿ ಬಾಯಿ ಕಾಣುವುದಿಲ್ಲ. ಚಿಂಚೋಳಿ ಕಾಡಿಗೂ ಇದೇ ಹಂಗಾಮು. ಚಂದ್ರಂಪಳ್ಳಿ ಕೆರೆ, ಎತ್ತಿಪೋತ ಜಲಪಾತ ನೋಡುವುದಕ್ಕೆ ಸೆಪ್ಟೆಂಬರ್ ಕೊನೆ ಸರಿ, ನೀರೂ ಇರುತ್ತದೆ, ಮಳೆಯ ಅಬ್ಬರವೂ ಇಳಿದಿರುತ್ತದೆ. ಅದು ವನ್ಯಧಾಮ, ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಬೇಕು. ಪಾಚಿ ಹಿಡಿದ ಬಂಡೆಯ ಮೇಲೆ ಕಾಲು ಜಾರುತ್ತದೆ.

ದೀಪಾವಳಿ ಕಳೆದ ಮೇಲೆ ನಿನ್ನ ಸನ್ನತಿ. ಅದರ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲುಗಳಲ್ಲಿ ಒಂದರ ಮೇಲೆ ರಾಣಿಯರ ಜೊತೆ ನಿಂತ ಅಶೋಕ ಇದ್ದಾನೆ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಅಂತ ಹೆಸರಿದೆ. ಮನೆಯಲ್ಲೇ ಆ ಐದು ಅಕ್ಷರಗಳನ್ನು ಹಾಳೆಯ ಮೇಲೆ ಬರೆಸಿಕೊಂಡು ಹೋಗು. ಅಕ್ಷರ ಹುಡುಕುವ ಹುಡುಗರು ‘ಯಾವಾಗ ಮನೆಗೆ?’ ಅನ್ನುವುದಿಲ್ಲ. ಅಲ್ಲಿ ನೆರಳು ಕಮ್ಮಿ, ಟೋಪಿ ಬೇಕು. ನೃಪತುಂಗನ ಮಳಖೇಡಕ್ಕೆ ಹೋಗುವ ರಸ್ತೆಯಲ್ಲಿ ಸಿಮೆಂಟ್ ಲಾರಿಗಳದ್ದೇ ರಾಜ್ಯ. ಓವರ್‌ಟೇಕ್ ಆಸೆ ಬಿಟ್ಟು ಹಿಂದೆಯೇ ಹೋಗು. ಹಕ್ಕಿ ನೋಡಲು ಸುರಪುರದ ಹತ್ತಿರದ ಬೋನಾಳ ಕೆರೆಗೆ ಡಿಸೆಂಬರ್, ಜನವರಿಯಲ್ಲಿ ಸೂರ್ಯ ಏಳುವುದರೊಳಗೆ ತಲುಪಬೇಕು. ದುರ್ಬೀನು 8×30 ಆದರೆ ಮಕ್ಕಳ ಕೈಗೆ ಹಗುರ. 10×50 ಕೊಟ್ಟರೆ ಕೈ ನಡುಗಿ ಹಕ್ಕಿಯೇ ನಿಲ್ಲುವುದಿಲ್ಲ.

ಈ ತಿಂಗಳುಗಳಲ್ಲಿ ಒಂದು ಅಪಾಯ ಪರ ಊರಿನವರಿಗೆ ಗೊತ್ತಿರುವುದಿಲ್ಲ. ತೊಗರಿ ರಾಶಿಯ ಕಾಲಕ್ಕೆ ಡಾಂಬರು ರಸ್ತೆಯೇ ಕಣ. ಒಣ ಹೊಟ್ಟು, ಕಟ್ಟಿಗೆಯ ಮೇಲೆ ಗಾಡಿ ಓಡಿಸಿದರೆ ಅದು ಅಡಿಯಲ್ಲಿ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗುತ್ತದೆ, ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಜಾಗವಿದ್ದರೆ ಬಳಸಿ ಹೋಗು. ದಾಟಲೇಬೇಕಾದರೆ ಮೆಲ್ಲಗೆ ದಾಟಿ, ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಬಗ್ಗಿ ನೋಡು. ಸುಟ್ಟ ವಾಸನೆ ಬಂದರೆ ಮೊದಲು ಹುಡುಗರನ್ನು ಇಳಿಸು, ಸಾಮಾನು ಆಮೇಲೆ.

ಇನ್ನು ಬೇಸಿಗೆ. ಬಿಸಿಲಿಗೆ ಟೈರಿನ ಗಾಳಿ ಕಡಿಮೆ ಮಾಡಿಸು ಅನ್ನುವವರು ಪಂಕ್ಚರ್ ಅಂಗಡಿಯಲ್ಲೇ ಸಿಗುತ್ತಾರೆ. ಕೇಳಬೇಡ. ಗಾಳಿ ಕಮ್ಮಿಯಾದರೆ ಟೈರಿನ ಬದಿ ಹೆಚ್ಚು ಮಡಚಿ, ಮಡಚಿದಷ್ಟೂ ಕಾದು, ಕೊನೆಗೆ ಒಡೆಯುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು ಹಾಕಿಸು, ಬೆಳಿಗ್ಗೆ ಗಾಡಿ ಓಡುವ ಮೊದಲು, ಸ್ಟೆಪ್ನಿಗೂ ಸೇರಿಸಿ. ಟೆಂಪರೇಚರ್ ಮುಳ್ಳು ಏರಿದರೆ ಎಸಿ ಬಂದ್, ಕಿಟಕಿ ತೆರೆದು ಹೀಟರ್ ಪೂರ್ತಿ ಹಾಕು. ಎಂಜಿನ್ನಿನ ಕಾವು ಒಳಗೆ ಬರುತ್ತದೆ, ಬೆವರಿದರೂ ಪರವಾಗಿಲ್ಲ. ಹೊಗೆ ಕಂಡರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡು. ರೇಡಿಯೇಟರ್ ಮುಚ್ಚಳವನ್ನು ಪೂರಾ ತಣ್ಣಗಾಗುವ ತನಕ, ಕಮ್ಮಿ ಅಂದರೂ ಅರ್ಧ ತಾಸು, ಮುಟ್ಟಬೇಡ. ಒಳಗಿನ ನೀರು ಒತ್ತಡದಲ್ಲಿ ಕುದಿಯುತ್ತಿರುತ್ತದೆ, ಮುಖಕ್ಕೇ ಚಿಮ್ಮುತ್ತದೆ.

ನೀರು ನಾಲ್ಕು ಮಂದಿಗೆ ಅರ್ಧ ದಿನಕ್ಕೆ 8 ಲೀಟರ್ ಕುಡಿಯಲು, 5 ಲೀಟರ್ ಕೈಕಾಲಿಗೆ, ಗಾಡಿಗೆ ಬೇರೆ. ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಕೆಡುಕು. ಪೊಟ್ಟಣ ಇಲ್ಲದಿದ್ದರೆ 1 ಲೀಟರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೈ ಸುಡುತ್ತಿದ್ದು ಮಾತು ತೊದಲಿದರೆ ಅದು ಬರೀ ದಣಿವಲ್ಲ; ನೆರಳಿಗೆ ಒಯ್ದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡು. ‘ಐದೇ ನಿಮಿಷ’ ಅಂತ ಮಗುವನ್ನು ಮುಚ್ಚಿದ ಗಾಡಿಯಲ್ಲಿ ಬಿಟ್ಟು ಇಳಿಯಬೇಡ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಹುಡುಗರಿಗೆ ಬೆಲ್ಲ ತುಪ್ಪ. ಮೊಸರನ್ನ ಚಳಿಗಾಲಕ್ಕೆ ಸರಿ, ಮೇ ತಿಂಗಳ ಡಿಕ್ಕಿಯಲ್ಲಿ ಮಧ್ಯಾಹ್ನದೊಳಗೆ ಹುಳಿ. ಚಿಕ್ಕವಳಿಗೆ ವಾಂತಿಯಾಗುವುದು ಹೊಟ್ಟೆಯಿಂದಲ್ಲ, ಫೋನಿನಿಂದ. ಕಣ್ಣು ನಿಂತಿದೆ ಅನ್ನುತ್ತದೆ, ಕಿವಿ ಓಡುತ್ತಿದೆ ಅನ್ನುತ್ತದೆ. ಫೋನ್ ಕಸಿದು ಮುಂದಿನ ರಸ್ತೆ ನೋಡಿಸು, ಒಂದೂವರೆ ತಾಸಿಗೊಮ್ಮೆ ಇಳಿಸು. ತೊಡೆಯ ಮೇಲೆ ಮಾತ್ರ ಕೂರಿಸಿಕೊಳ್ಳಬೇಡ, ಮಕ್ಕಳ ಸೀಟಿನಲ್ಲೇ, ಹಿಂದೆಯೇ.

ಗುಮ್ಮಟಗಳ ಅಡಿ ಹೆಜ್ಜೇನು ಇದ್ದರೆ ಕಿರುಚುವುದು, ಕಲ್ಲೆಸೆಯುವುದು ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಗಾಡಿಯೊಳಗೆ ಓಡಿ ಕಿಟಕಿ ಏರಿಸಿ. ಭೀಮಾ, ಕೃಷ್ಣೆಯಲ್ಲಿ ಇಳಿಯುವ ಮಾತೇ ಇಲ್ಲ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ, ಅಣೆಕಟ್ಟಿನ ನೀರು ಮಳೆಯಿಲ್ಲದ ದಿನವೂ ಏರುತ್ತದೆ, ಕೃಷ್ಣೆಯಲ್ಲಿ ಮೊಸಳೆಯೂ ಇವೆ.

ಎಳ್ಳ ಅಮಾವಾಸ್ಯೆಯ ದಿನ ಪಟ್ಟಿಯಲ್ಲಿ ಖಾಲಿ ಇದೆ. ಅವತ್ತು ಬೇರೆಲ್ಲೂ ಬೇಡ, ಇಲ್ಲಿಗೇ ಬನ್ನಿ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು, ಹೊಲದಲ್ಲೇ ಸಂಜೆ ಮಾಡೋಣ. ಗಾಡಿ ರಸ್ತೆಯ ಮೇಲೇ ಇರಲಿ, ಹೊಲದವರೆಗೆ ಎತ್ತಿನ ಚಕ್ಕಡಿ ಕಳಿಸುತ್ತೇನೆ. ಬರುವ ಮುಂಚೆ ಸ್ಟೆಪ್ನಿ ಗಾಳಿ ನೋಡಿಸಿರು.

ನಿನ್ನ ಅಪ್ಪ