ಮುಚ್ಚದ ಚಿಹ್ನೆ

ಪ್ರೀತಿಯ ತಂಗಿಗೆ,

ವಚನಗಳ ಅನುವಾದವನ್ನು ಕುರಿತ ನಿನ್ನ ಇಂಗ್ಲಿಷ್ ಪ್ರಬಂಧವನ್ನು ಎರಡು ಸಲ ಓದಿದೆ. ವಾದ ಗಟ್ಟಿಯಾಗಿದೆ. ಆದರೆ ಮೂರನೆಯ ಪುಟದಲ್ಲಿ ಎಡವಿದೆ. ಅನುವಾದಕರ ಮಾತು ಎಲ್ಲಿ ನಿಂತಿತು, ನಿನ್ನದು ಎಲ್ಲಿ ಶುರುವಾಯಿತು? ತೆರೆದ ಉದ್ಧರಣ ಚಿಹ್ನೆಯನ್ನು ನೀನು ಮುಚ್ಚಿಯೇ ಇಲ್ಲ.

ಇದು ತಾಯ್ನುಡಿಯಿಂದ ಬಂದ ಅಭ್ಯಾಸ ಎಂದು ನನ್ನ ಗುಮಾನಿ. ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎಂದರೆ ಬರುವವನು ಅವನೇ ಎಂದು ನಮಗೆ ತಿಳಿಯುತ್ತದೆ. ಚಿಹ್ನೆಯ ಕೆಲಸವನ್ನೆಲ್ಲ ‘ಎಂದು’ ಒಂದೇ ಹೊತ್ತುಕೊಳ್ಳುತ್ತದೆ. ಅದೇ ವಾಕ್ಯವನ್ನು ಇಂಗ್ಲಿಷಿಗೆ ಒಯ್ದು, ‘ದಟ್’ ಹಾಕಿ, ‘ಐ’ಯನ್ನು ಹಾಗೆಯೇ ಉಳಿಸಿ ನೋಡು. ನಾಳೆ ಹೊರಡಬೇಕಾದವಳು ನೀನೇ ಆಗುತ್ತೀಯೆ! ಅಲ್ಲಿ ಮಾತನ್ನು ಇದ್ದಂತೆ ಕೊಡುವುದಾದರೆ ಚಿಹ್ನೆಯೊಳಗೆ ಕೊಡಬೇಕು, ಇಲ್ಲವೇ ಸರ್ವನಾಮವನ್ನು ಬದಲಿಸಬೇಕು. ‘ದಟ್’ ಆದ ಮೇಲೆ ಉದ್ಧರಣೆಗೆ ಮೊದಲು ನೀನು ಎಲ್ಲೆಡೆ ಅಲ್ಪವಿರಾಮ ಹಾಕಿದ್ದೀಯೆ. ಅದು ಬೇಡ.

ಉದ್ಧರಣೆಯ ಕೊನೆಯ ಪೂರ್ಣವಿರಾಮ ಚಿಹ್ನೆಯ ಒಳಗೋ ಹೊರಗೋ ಎಂದು ನೀನು ಕೇಳಿದ್ದೆ. ಅಮೆರಿಕದ ಪದ್ಧತಿಯಲ್ಲಿ ಪೂರ್ಣವಿರಾಮ, ಅಲ್ಪವಿರಾಮಗಳು ಮೂಲದಲ್ಲಿ ಇರದಿದ್ದರೂ ಒಳಗೇ ಬರುತ್ತವೆ, ಅರ್ಧವಿರಾಮ ಹೊರಗೆ. ಬ್ರಿಟಿಷ್ ಪದ್ಧತಿಯಲ್ಲಿ ವಿರಾಮ ಉದ್ಧರಿಸಿದ ಮಾತಿಗೆ ಸೇರಿದ್ದರೆ ಮಾತ್ರ ಒಳಗೆ. ಪ್ರಶ್ನೆಯ ಚಿಹ್ನೆ ಎರಡು ಕಡೆಯೂ ಅರ್ಥವನ್ನೇ ಅನುಸರಿಸುತ್ತದೆ: ಪ್ರಶ್ನೆ ಯಾರದೋ ಅವರ ಕಡೆಗೆ. ನನಗೆ ಬ್ರಿಟಿಷರದೇ ಪ್ರಾಮಾಣಿಕ ಎನಿಸುತ್ತದೆ, ಹಾಕದ ವಿರಾಮವನ್ನು ಇನ್ನೊಬ್ಬರ ಬಾಯಿಗೆ ತುರುಕುವುದಿಲ್ಲ. ಆದರೆ ಪತ್ರಿಕೆ ಅಮೆರಿಕದ್ದಾದರೆ ಸುಮ್ಮನೆ ಅವರಂತೆ ಬರೆ. ಸಂಪಾದಕರೊಡನೆ ಚುಕ್ಕಿಗಾಗಿ ಜಗಳವಾಡಿ ನಾನಂತೂ ಗೆದ್ದಿಲ್ಲ.

ಇನ್ನು ಓರೆ ಅಕ್ಷರ, ಅಂದರೆ ಇಟಾಲಿಕ್. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಇಡಿಯಾಗಿ ಇಟಾಲಿಕ್‌ನಲ್ಲೇ ಅಚ್ಚು ಹಾಕಿದ. ಆ ಅಚ್ಚಿನ ಮೊಳೆಗಳನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಆಗ ಅದು ಒತ್ತು ಕೊಡುವ ಅಕ್ಷರವಾಗಿರಲಿಲ್ಲ, ಕೈಯಲ್ಲಿ ಹಿಡಿದು ಓದುವ ಪುಟ್ಟ ಪುಸ್ತಕದ ಅಕ್ಷರವಾಗಿತ್ತು. ಈಗ ಇಂಗ್ಲಿಷಿನಲ್ಲಿ ಪುಸ್ತಕದ ಹೆಸರಿಗೆ ಇಟಾಲಿಕ್, ಅದರೊಳಗಿನ ಬಿಡಿ ಕವಿತೆಗೋ ಕಥೆಗೋ ಉದ್ಧರಣ ಚಿಹ್ನೆ. ನೀನು ಪ್ರತಿ ವಚನಕ್ಕೂ ಎರಡನ್ನೂ ತೊಡಿಸಿದ್ದೀಯೆ, ಮದುವೆಮನೆಯಲ್ಲಿ ಶಾಲಿನ ಮೇಲೆ ಶಾಲು ಹೊದಿಸಿದಂತೆ. ಉದ್ದನೆಯ ವಚನವನ್ನು ಅಂಚಿನಿಂದ ಒಳಸರಿಸಿ ಬೇರೆಯಾಗಿ ಕೊಡು. ಆಗ ಚಿಹ್ನೆಯೂ ಬೇಡ, ಓರೆಯೂ ಬೇಡ. ಎರಡು ಮೂರು ಸಾಲಾದರೆ ವಾಕ್ಯದೊಳಗೇ ಸೇರಿಸಿ, ಸಾಲು ಮುರಿಯುವಲ್ಲಿ ಓರೆಗೆರೆ ಎಳೆದರೆ ಸಾಕು. ಮುದ್ದೆ, ಹುಳಿ ಎಂಬ ಕನ್ನಡದ ಮಾತುಗಳನ್ನು ಪುಟಪುಟದಲ್ಲೂ ಓರೆ ಮಾಡಬೇಡ. ನಿನ್ನ ಅಜ್ಜಿ ಮುದ್ದೆಯನ್ನು ನೆಟ್ಟಗೇ ಕುಳಿತು ಉಂಡವರು.

ಒಂದು ತಪ್ಪು ನನ್ನದೂ ಇದೆ. ವಿಮರ್ಶಕರೊಬ್ಬರ ವಾಕ್ಯವನ್ನು ಉದ್ಧರಿಸುವಾಗ ಎರಡು ಪದಗಳನ್ನು ಓರೆ ಮಾಡಿದ್ದೆ, ಒತ್ತು ನನ್ನದೆಂದು ಆವರಣದಲ್ಲಿ ಹೇಳಲಿಲ್ಲ. ಅವರಿಂದ ಒಂದೇ ಸಾಲಿನ ಕಾರ್ಡು ಬಂತು: “ನಾನು ಅಷ್ಟು ಜೋರಾಗಿ ಹೇಳಿರಲಿಲ್ಲ.” ಬಿಟ್ಟದ್ದಕ್ಕೆ ಮೂರು ಚುಕ್ಕಿ, ಸೇರಿಸಿದ್ದಕ್ಕೆ ಚೌಕ ಆವರಣ ಎಂಬ ಲೆಕ್ಕವನ್ನು ಆಮೇಲೆ ನಾನು ತಪ್ಪಿಸಿಲ್ಲ.

ಮೂರನೆಯ ಪುಟವನ್ನು ಮೂಲದ ಪಕ್ಕದಲ್ಲಿಟ್ಟು ಅಕ್ಷರಕ್ಕಕ್ಷರ ಹೋಲಿಸಿ, ಚಿಹ್ನೆ ಮುಚ್ಚಿ ಮತ್ತೆ ಕಳಿಸು. ಅನುವಾದವನ್ನು ‘ದಾಟಲಾರದ ಹೊಳೆ’ ಎಂದಿರುವ ಸಾಲು ಅನುವಾದಕರದಾದರೆ ಬಿಟ್ಟುಬಿಡುತ್ತೇನೆ. ನಿನ್ನದಾದರೆ ನನ್ನದೊಂದು ತಕರಾರಿದೆ.

ನಿನ್ನ,
ಅಣ್ಣ