ಒಸಿ ಇಲ್ಲದ ಮನೆಯ ಕೀಲಿ ನಮಗೆ ಬೇಡ

ದಿನಾಂಕ: 3 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಕಟ್ಟಡ ನಿರ್ಮಾಣ ಸಂಸ್ಥೆ, ಬೆಂಗಳೂರು

ವಿಷಯ: ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದೆಂದು ಸಂಬಂಧಪಟ್ಟ ಪ್ರಾಧಿಕಾರ ಕೊಡುವ ಪತ್ರ) ಇಲ್ಲದೆ ಫ್ಲ್ಯಾಟ್ ವಹಿಸಿಕೊಳ್ಳುವಂತೆ ಒತ್ತಾಯಿಸುತ್ತಿರುವುದು ಹಾಗೂ ಮಕ್ಕಳ ಆಟದ ಜಾಗವನ್ನು ಬೇರೆ ಬಳಕೆಗೆ ತೆಗೆದುಕೊಂಡಿರುವುದರ ಬಗ್ಗೆ.

ಮಾನ್ಯರೇ,

ಕೆಂಗೇರಿಯ ಆಚೆ ತಾವು ಕಟ್ಟುತ್ತಿರುವ ವಸತಿ ಸಮುಚ್ಚಯದ ಮೂರನೇ ಮಹಡಿಯಲ್ಲಿ ನಾನು ಮತ್ತು ನನ್ನ ಪತ್ನಿ ಒಂದು ಫ್ಲ್ಯಾಟ್ ಖರೀದಿಸಿದ್ದೇವೆ. ಈ ಪತ್ರಕ್ಕೆ ಮೊದಲು ತಮ್ಮ ಗ್ರಾಹಕ ವಿಭಾಗಕ್ಕೆ ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ, ಐದು ಇಮೇಲ್ ಕಳಿಸಿದ್ದೇನೆ. ಅಷ್ಟರಲ್ಲಿ ನಮ್ಮ ಫೈಲ್ ನೋಡಿಕೊಳ್ಳುವವರು ಮೂರು ಸಲ ಬದಲಾದರು. ಪ್ರತಿಯೊಬ್ಬರಿಗೂ ಮೊದಲಿನಿಂದ ಎಲ್ಲವನ್ನೂ ಹೇಳಿದ್ದಾಯಿತು, ಪ್ರತಿಯೊಬ್ಬರಿಂದಲೂ "ಮುಂದಿನ ವಾರ" ಎಂಬ ಉತ್ತರವನ್ನೇ ಕೇಳಿದ್ದಾಯಿತು. ಇನ್ನು ಫೋನ್ ಮಾಡುವುದಿಲ್ಲ.

2021ರ ಆಗಸ್ಟ್ ಕೊನೆಗೆ ನೇರಳೆ ಮಾರ್ಗದ ಮೆಟ್ರೊ ಮೈಸೂರು ರಸ್ತೆಯಿಂದ ಕೆಂಗೇರಿಗೆ ಬಂದ ಬೆನ್ನಲ್ಲೇ, ಅದೇ ಅಕ್ಟೋಬರ್‌ನಲ್ಲಿ, ನಾವು ಬುಕಿಂಗ್ ಮಾಡಿದೆವು. ನನ್ನ ಕೆಲಸ ಎಂ.ಜಿ. ರಸ್ತೆಯಲ್ಲಿ. ಊರಿನ ನಡುವೆ ಮನೆ ಕೊಳ್ಳುವ ಶಕ್ತಿ ನಮಗಿರಲಿಲ್ಲ. ದಿನಾ ರೈಲಿನಲ್ಲಿ ಹೋಗಿಬಂದರೂ ಸರಿ, ಮಗಳಿಗೆ ಓಡಾಡಲು ಜಾಗವಿರುವ, ಗೇಟಿನ ಒಳಗೇ ಆಡಿಕೊಳ್ಳಬಹುದಾದ ಕಡೆ ಇರೋಣ ಎಂಬ ಒಂದೇ ಲೆಕ್ಕದಲ್ಲಿ ಅಲ್ಲಿಗೆ ಬಂದೆವು. ಆ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲವರು ತಾವು. ತಮ್ಮ ಕೈಪಿಡಿಯ ಮೊದಲ ಪುಟದಲ್ಲಿ ಫ್ಲ್ಯಾಟಿನ ಚಿತ್ರವಿಲ್ಲ, ಜಾರುಬಂಡಿಯ ಮೇಲೆ ಕೂತ ಮಗುವಿನ ಚಿತ್ರವಿದೆ.

ಕರಾರುಪತ್ರದ ಪ್ರಕಾರ ಮನೆ ಕೊಡಬೇಕಾದದ್ದು 2023ರ ಡಿಸೆಂಬರ್‌ಗೆ, ಆರು ತಿಂಗಳ ಹೆಚ್ಚುವರಿ ಗಡುವು ಸೇರಿಸಿದರೆ 2024ರ ಜೂನ್‌ಗೆ. ಆ ಮಾತನ್ನು ನಂಬಿ 2024ರ ಜೂನ್‌ನಲ್ಲೇ ಮಗಳನ್ನು ಕೆಂಗೇರಿ ಉಪನಗರದ ಶಾಲೆಗೆ ಸೇರಿಸಿದೆವು. ನಾವಿನ್ನೂ ವಿಜಯನಗರದ ಬಾಡಿಗೆ ಮನೆಯಲ್ಲೇ ಇದ್ದೇವೆ. ಎಪ್ಪತ್ತೊಂದು ವರ್ಷದ ನನ್ನ ತಂದೆ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಮೆಟ್ರೊ ಹತ್ತಿ, ಶಾಲೆಗೆ ಬಿಟ್ಟು ವಾಪಸು ಬಂದು, ಮಧ್ಯಾಹ್ನ ಮತ್ತೆ ಹೋಗಿ ಕರೆತರುತ್ತಾರೆ: ದಿನಕ್ಕೆ ನಾಲ್ಕು ಪ್ರಯಾಣ. ಕಳೆದ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಅದೂ ಒಂದು ಖರ್ಚಾಗಿ ನಿಂತಿದೆ. ತಿಂಗಳಿಗೆ 24,000 ರೂಪಾಯಿ ಬಾಡಿಗೆ, ಅದರ ಮೇಲೆ ಬ್ಯಾಂಕಿನ ಕಂತು 43,000. ಕೆಂಗೇರಿಯಾಚೆಯ ಚಲ್ಲಘಟ್ಟದವರೆಗೆ ರೈಲು ಓಡತೊಡಗಿ ಎರಡು ವರ್ಷ ತುಂಬಿತು. ಮೆಟ್ರೊ ಬಂತು, ತಮ್ಮ ಒಸಿ ಮಾತ್ರ ಬರಲಿಲ್ಲ.

ಹೀಗಿರುವಾಗ ಸೆಪ್ಟೆಂಬರ್ 29ರ ತಾರೀಖು ಹಾಕಿದ ತಮ್ಮ ಪತ್ರ ಕೈಸೇರಿತು. ಮನೆ ಸಿದ್ಧವಾಗಿದೆ, ಹದಿನೈದು ದಿನದೊಳಗೆ ವಹಿಸಿಕೊಳ್ಳಿ, ಎರಡು ವರ್ಷದ ನಿರ್ವಹಣಾ ಶುಲ್ಕ ಮುಂಗಡವಾಗಿ ಕಟ್ಟಿ, ತಡವಾದರೆ ಚದರಡಿಗೆ ತಿಂಗಳಿಗೆ 10 ರೂಪಾಯಿಯಂತೆ ದಂಡ ತೆರಬೇಕು ಎಂದು ಅದರಲ್ಲಿತ್ತು. ಜೊತೆಗೆ, ವಿಳಂಬದ ಬಗ್ಗೆ ನಮ್ಮದು ಯಾವ ತಕರಾರೂ ಇಲ್ಲ, ಯಾವ ಹಣವನ್ನೂ ಕೇಳುವುದಿಲ್ಲ ಎಂದು ನಾವೇ ಬರೆದುಕೊಡಬೇಕಾದ ಒಂದು ಮುಚ್ಚಳಿಕೆ. ಎರಡು ಪುಟದ ಆ ಪತ್ರದಲ್ಲಿ ಒಸಿ ಎಂಬ ಎರಡಕ್ಷರ ಒಂದು ಕಡೆಯೂ ಇರಲಿಲ್ಲ.

ಅಕ್ಟೋಬರ್ 11ರ ಶನಿವಾರ ನಾವು ನಾಲ್ವರೂ ತಮ್ಮ ಸೈಟ್ ಆಫೀಸಿಗೆ ಬಂದೆವು. ಅಂದು ನಡೆದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ, ಏಕೆಂದರೆ ತಮ್ಮ ಸಿಬ್ಬಂದಿ ಅದನ್ನು ತಮಗೆ ತಿಳಿಸಿರಲಾರರು. ಬಾಗಿಲ ಬಳಿಯ ಸೋಫಾದಲ್ಲಿ ನಮ್ಮ ತಂದೆ ಕೂತರು. ಎರಡು ನಿಮಿಷವೂ ಆಗಿರಲಿಲ್ಲ, ಒಬ್ಬ ಹುಡುಗ ಬಂದು, "ಅಂಕಲ್, ಇದು ಹೊಸ ಬುಕಿಂಗ್‌ನವರಿಗೆ, ನೀವು ಆ ಕಡೆ ಕೂತ್ಕೊಳ್ಳಿ" ಎಂದು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಅಲ್ಲಿದ್ದದ್ದು ಒಂದೇ ಕುರ್ಚಿ. ಸೊಸೆ ಕೂರಲಿ ಎಂದು ಅವರು ನಿಂತರು, ಮಾವ ನಿಂತಿರುವಾಗ ನನ್ನ ಪತ್ನಿ ಕೂರಲಿಲ್ಲ. ಆ ಕುರ್ಚಿ ನಲವತ್ತು ನಿಮಿಷ ಖಾಲಿಯೇ ಇತ್ತು. ಸೋಫಾದಲ್ಲಿ ಹೊಸದಾಗಿ ಬಂದ ಎರಡು ಕುಟುಂಬಗಳಿಗೆ ಕಾಫಿ ಬಂತು.

ನಮ್ಮ ಸರದಿ ಬಂದಾಗ ಮೇಜಿನ ಹಿಂದಿದ್ದ ವ್ಯಕ್ತಿ ಮುಚ್ಚಳಿಕೆಯನ್ನು ಮುಂದಿಟ್ಟು, ಸಹಿ ಮಾಡಬೇಕಾದ ಮೂರು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ತಂದೆ ಕನ್ನಡಕ ಹಾಕಿಕೊಂಡು ಓದತೊಡಗಿದರು. ಓದಿ ಮುಗಿಸಿ, "ಒಸಿ ಬಂದಿದ್ಯಾ? ಅದರ ನಂಬರು, ತಾರೀಖು ಎಲ್ಲಿ ಬರ್ದಿದೀರಿ?" ಎಂದರು. "ಪ್ರೋಸೆಸ್‌ನಲ್ಲಿದೆ ಅಂಕಲ್. ಇದೆಲ್ಲ ನಿಮಗೆ ಅರ್ಥ ಆಗಲ್ಲ, ಮಗನ ಹತ್ರ ಸೈನ್ ಹಾಕ್ಸಿ" ಎಂಬ ಉತ್ತರ ಬಂತು. "ಪ್ರೋಸೆಸ್‌ನಲ್ಲಿದೆ ಅನ್ನೋದನ್ನೇ ಬರೆದು ಸೀಲ್ ಹಾಕಿ ಕೊಡಿ, ಸಾಕು" ಎಂದರು ತಂದೆ. ಆಗ ಆ ವ್ಯಕ್ತಿ ಪಕ್ಕದ ಸೋಫಾದವರಿಗೂ ಕೇಳುವಷ್ಟು ಜೋರಾಗಿ, "ಎಲ್ರೂ ಸೈನ್ ಮಾಡಿದಾರೆ, ನೀವೊಬ್ರೇ ತಕರಾರು ತೆಗೀತಿರೋದು. ಅಷ್ಟು ಕಷ್ಟ ಆದ್ರೆ ಕ್ಯಾನ್ಸಲ್ ಮಾಡ್ಕೊಳ್ಳಿ ಸಾರ್. ಇವತ್ತಿನ ರೇಟಿಗೆ ನಾಳೆನೇ ಬೇರೆಯವರು ತಗೋತಾರೆ" ಎಂದರು.

ನನ್ನ ತಂದೆ ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಬುಕಿಂಗ್ ದಿನ ತಾವು ಪಡೆದ ಮೊದಲ ಚೆಕ್ ಅವರ ನಿವೃತ್ತಿಯ ಹಣದ್ದು. ಅಂದು ಚೆಕ್ ಬರೆಯುವಾಗ ಅಡ್ಡಿಯಾಗದ ಅವರ ವಯಸ್ಸು ಇಂದು ಒಂದು ಕಾಗದ ಓದುವಾಗ ಅಡ್ಡಿಯಾಯಿತೇ? ಅವರು ತಿರುಗಿ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ವಿಜಯನಗರ ಬರುವವರೆಗೂ ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ನಾನು ಬರಬಾರ್ದಿತ್ತು ಕಣಪ್ಪ, ನನ್ನಿಂದ ನಿನ್ನ ಕೆಲಸ ಕೆಡ್ತು" ಎಂದರು. ಈ ಒಂದು ಮಾತಿಗೆ ತಾವು ಹೊಣೆ.

ಹೊರಡುವ ಮೊದಲು ಮಗಳು ಗಾಜಿನ ಪೆಟ್ಟಿಗೆಯೊಳಗಿನ ಮಾದರಿ ಕಟ್ಟಡದ ಮೇಲೆ ಬೆರಳಿಟ್ಟು, "ತಾತಾ, ಜಾರುಬಂಡಿ" ಎಂದಳು. ಅದನ್ನೇ ಹುಡುಕಿಕೊಂಡು ನಾವು ಸಮುಚ್ಚಯದ ಹಿಂಬದಿಗೆ ಹೋದೆವು. ಜಾರುಬಂಡಿ ಇರಬೇಕಾದ ಕಡೆ ಕಾಂಕ್ರೀಟ್ ಕಟ್ಟೆಯ ಮೇಲೆ ಎರಡು ಡೀಸೆಲ್ ಜನರೇಟರ್ ಕೂತಿವೆ. ಉಯ್ಯಾಲೆಯ ಜಾಗದಲ್ಲಿ ನೀರಿನ ಸಂಪು ತೋಡಲಾಗಿದೆ. ಟ್ಯಾಂಕರ್ ಹಿಂದೆಮುಂದೆ ಆಡಿ ಮೊಣಕಾಲುದ್ದ ಗುಂಡಿ ಬಿದ್ದು, ಮಳೆನೀರಿನ ಮೇಲೆ ಡೀಸೆಲ್ ಬಣ್ಣ ತೇಲುತ್ತಿತ್ತು. ಎಂಟು ವರ್ಷದ ಮಗು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ, ಅಂದರೆ ರೇರಾದ, 11ನೇ ಸೆಕ್ಷನ್ ಒಸಿ ತರುವ ಹೊಣೆಯನ್ನು ನಿರ್ಮಾಣಗಾರರ ಮೇಲೆಯೇ ಹೊರಿಸಿದೆ. ಮನೆ ವಹಿಸಿಕೊಳ್ಳಲು ಖರೀದಿದಾರರಿಗೆ 19ನೇ ಸೆಕ್ಷನ್ ಕೊಡುವ ಎರಡು ತಿಂಗಳು ಶುರುವಾಗುವುದೇ ಒಸಿ ಬಂದ ಮೇಲೆ. ಬಾರದ ಒಸಿಗೆ ಹದಿನೈದು ದಿನದ ಗಡುವನ್ನೂ ದಂಡವನ್ನೂ ತಾವು ಎಲ್ಲಿಂದ ತಂದಿರಿ? ಮಂಜೂರಾದ ನಕ್ಷೆಯಲ್ಲಿರುವ ಸಾಮಾನ್ಯ ಜಾಗವನ್ನು ಬದಲಿಸಬೇಕಾದರೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕೆಂದು 14ನೇ ಸೆಕ್ಷನ್ ಹೇಳುತ್ತದೆ. ನನ್ನನ್ನು ಯಾರೂ ಕೇಳಿಲ್ಲ, ನನಗೆ ಪರಿಚಯವಿರುವ ಮೂವತ್ತೊಂದು ಖರೀದಿದಾರರನ್ನೂ ಕೇಳಿಲ್ಲ. ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶಿಸಿದೆ. ಕಾಯಂ ಕರೆಂಟಿಲ್ಲದ ಮನೆಗೆ ನಮ್ಮನ್ನು ತುಂಬಲು ಜನರೇಟರ್ ಬೇಕಾಯಿತು, ಜನರೇಟರ್ ಇಡಲು ಮಕ್ಕಳ ಜಾಗವೇ ಕಂಡಿತು ಎಂಬುದು ಆ ಕಾಂಕ್ರೀಟ್ ಕಟ್ಟೆ ನೋಡಿದ ಯಾರಿಗಾದರೂ ತಿಳಿಯುತ್ತದೆ.

ಆದ್ದರಿಂದ ನಾವು ಮುಚ್ಚಳಿಕೆಗೆ ಸಹಿ ಹಾಕುವುದಿಲ್ಲ, ನಿರ್ವಹಣೆಯ ಮುಂಗಡ ಕಟ್ಟುವುದಿಲ್ಲ, ಒಸಿಯ ಪ್ರತಿ ಕೈಗೆ ಬರುವವರೆಗೆ ಕೀಲಿ ಪಡೆಯುವುದಿಲ್ಲ. ಸೆಪ್ಟೆಂಬರ್ 29ರ ಪತ್ರವನ್ನು ಲಿಖಿತವಾಗಿ ಹಿಂಪಡೆಯಿರಿ. ಜನರೇಟರ್‌ಗಳನ್ನು ನಕ್ಷೆಯಲ್ಲಿ ಅವಕ್ಕೆ ತೋರಿಸಿದ ಜಾಗಕ್ಕೆ ಸಾಗಿಸಿ. 2024ರ ಜುಲೈಯಿಂದ ಇಲ್ಲಿಯವರೆಗಿನ ಪ್ರತಿ ತಿಂಗಳ ವಿಳಂಬಕ್ಕೆ, ನಾವು ಕಟ್ಟಿರುವ 62 ಲಕ್ಷ ರೂಪಾಯಿಯ ಮೇಲೆ, 18ನೇ ಸೆಕ್ಷನ್ ಹಾಗೂ 2017ರ ಕರ್ನಾಟಕ ನಿಯಮಗಳಂತೆ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್ಆರ್ (ಸಾಲದ ಬಡ್ಡಿಗೆ ಬ್ಯಾಂಕು ಆಧಾರವಾಗಿಟ್ಟುಕೊಳ್ಳುವ) ದರಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಿ. ನಮ್ಮ ತಂದೆಯವರಿಗೆ ಕ್ಷಮಾಪಣೆಯ ಪತ್ರ ಬರೆಯಿರಿ, ಅದಕ್ಕೆ ಆಫೀಸಿನ ಸೀಲ್ ಇರಲಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಮಿಷನ್ ರಸ್ತೆಯ ರೇರಾ ಪ್ರಾಧಿಕಾರದ ಮುಂದೆ ದೂರು ದಾಖಲಾಗುತ್ತದೆ. ಅದು ನನ್ನೊಬ್ಬನ ದೂರಾಗಿರುವುದಿಲ್ಲ. ಮೂವತ್ತೊಂದು ಮನೆಯವರೂ ಸಹಿ ಹಾಕಿದ್ದಾರೆ. ಆದೇಶ ಬಂದ ಮೇಲೂ ಹಣ ಕಟ್ಟದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲೇ ದಾರಿಯಿದೆ, ಆ ದಾರಿಯ ಕೊನೆಯವರೆಗೂ ಬರುತ್ತೇವೆ. ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದು ತಮ್ಮ ಧೈರ್ಯವಾಗಿದ್ದರೆ ಇದನ್ನೂ ಕೇಳಿ. ರೇರಾ ಜಾಲತಾಣಕ್ಕೆ ತಾವೇ ಹಾಕಿರುವ ಮಂಜೂರಾದ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಐವತ್ತು ಪ್ರತಿ ಮುದ್ರಿಸಿ ತಂದಿದ್ದೇನೆ. ಆಟದ ಜಾಗಕ್ಕೆ ಹಸಿರು ಬಣ್ಣ ಹಚ್ಚಿ, ಪಕ್ಕದಲ್ಲಿ ಜನರೇಟರ್‌ಗಳ ಫೋಟೊ ಅಂಟಿಸುವ ಕೆಲಸವನ್ನು ನಮ್ಮ ತಂದೆ ಮಾಡುತ್ತಿದ್ದಾರೆ. ಗಡುವು ಮುಗಿದ ಮೊದಲ ಶನಿವಾರದಿಂದ, ಪ್ರತಿ ಶನಿವಾರ ಮತ್ತು ಭಾನುವಾರ, ಮಕ್ಕಳ ಕೈ ಹಿಡಿದು ಮನೆ ನೋಡಲು ಬರುವ ಪ್ರತಿ ಕುಟುಂಬಕ್ಕೂ ಒಂದೊಂದು ಪ್ರತಿ ಕೊಡಲು ನಾವಿಬ್ಬರೂ ತಮ್ಮ ಗೇಟಿನ ಹೊರಗೆ, ಸಾರ್ವಜನಿಕ ರಸ್ತೆಯಲ್ಲಿ ನಿಂತಿರುತ್ತೇವೆ. ಕುರ್ಚಿಯನ್ನು ಮನೆಯಿಂದಲೇ ತರುತ್ತೇವೆ.

ಇತಿ,
ಮೂರನೇ ಮಹಡಿಯ ಖರೀದಿದಾರ