ಕೆರೆ ಕಾಯೋರು ಯಾರು ಸ್ವಾಮಿ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೆರೆಗಳ ವಿಷ್ಯದಲ್ಲಿ ಸರ್ಕಾರ ಅಂದ್ರೆ ಯಾರು ಅಂತಾನೇ ಈಗ ಗೊತ್ತಾಗಲ್ಲ. ಹಿಂದೆ ನೀರು ಹಂಚೋ ನೀರುಗಂಟಿ ತೂಬು (ಕೆರೆ ನೀರು ಬಿಡೋ ಬಾಗಿಲು) ನೋಡ್ಕೋತಿದ್ದ, ಊರೋರೇ ಸೇರಿ ಹೂಳು ತೆಗೀತಿದ್ರು, ಆಮೇಲೆ ಸಣ್ಣ ನೀರಾವರಿ, ಅರಣ್ಯ ಇಲಾಖೆ, ಬಿಡಿಎ, ಬಿಬಿಎಂಪಿ ಅಂತ ಕೈಯಿಂದ ಕೈಗೆ ಹೋಯ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು, ಅದು ಹೆಬ್ಬಾಳ, ನಾಗವಾರ ಕೆರೆಗಳನ್ನ ಖಾಸಗಿಯವ್ರಿಗೆ ಲೀಸ್‌ಗೆ ಕೊಟ್ಟು ಕೂತ್ಕೊಳ್ತು, ಜನ ಹೈಕೋರ್ಟಿಗೆ ಹೋಗ್ಬೇಕಾಯ್ತು.

2017ರ ಫೆಬ್ರವರಿಲಿ ಬೆಳ್ಳಂದೂರು ಕೆರೆಗೇ ಬೆಂಕಿ ಬಿತ್ತು. ಮಳೆ ಬಂದ್ರೆ ವರ್ತೂರು ಕೋಡಿ ಹತ್ರ ಬೈಕಿನವ್ರ ಮುಖಕ್ಕೆ ನೊರೆ ಹಾರ್ತಿತ್ತು, ಕಣ್ಣು ಉರಿ, ಮೂಗು ಮುಚ್ಚಿದ ಕೈ ತೆಗೆಯೋಕಾಗ್ತಿರ್ಲಿಲ್ಲ. ಕೊನೆಗೆ 2018ರ ಡಿಸೆಂಬರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಪರಿಸರದ ಕೇಸು ನೋಡೋ ಕೋರ್ಟು) ಈ ಕೆರೆಗಳನ್ನ ಕಾಪಾಡ್ಲಿಲ್ಲ ಅಂತ ರಾಜ್ಯ ಸರ್ಕಾರಕ್ಕೇ 50 ಕೋಟಿ ದಂಡ ಹಾಕ್ತು (ಅದೂ ನಮ್ ತೆರಿಗೆ ದುಡ್ಡೇ ಬಿಡಿ). ಅಂದ್ರೆ ಕಾಯಬೇಕಾದವ್ರೇ ಆರೋಪಿ ಸ್ಥಾನದಲ್ಲಿ ನಿಂತ್ರು.

ಇಷ್ಟಾದ್ಮೇಲೂ ಬುದ್ಧಿ ಬಂದಿಲ್ಲ ನೋಡಿ. ಕೆರೆ ಸಂರಕ್ಷಣೆಗಂತಲೇ ಮಾಡಿದ 2014ರ ರಾಜ್ಯದ ಕಾಯ್ದೆಲಿ ಕೆರೆ ಸುತ್ತ 30 ಮೀಟರ್ ಜಾಗ ಬಿಡ್ಬೇಕು ಅಂತ ಇದ್ದಿದ್ದನ್ನ, ಕೆರೆ ಸೈಜ್ ನೋಡಿ, ಸಣ್ಣ ಕೆರೆಗಾದ್ರೆ ಇನ್ನೂ ಕಮ್ಮಿ ಮಾಡೋಕೆ 2025ರಲ್ಲಿ ತಿದ್ದುಪಡಿ ಮಸೂದೆ ತಂದ್ರು. ಸಣ್ಣ ಕೆರೆನೇ ಮೊದ್ಲು ಸಾಯೋದು ಅಂತ ಇವ್ರಿಗೆ ಗೊತ್ತಿಲ್ವಾ?

ವಾಕಿಂಗ್ ಪಾತ್, ಲೈಟು, ಬೆಂಚು ಆಮೇಲೆ ಹಾಕ್ಲಿ. ಮೊದ್ಲು ಒಳಗೆ ಬರೋ ಕೊಳಚೆ ನಿಲ್ಲಿಸಿ, ಪ್ರತಿ ತಿಂಗಳ ನೀರಿನ ಟೆಸ್ಟ್ ರಿಪೋರ್ಟನ್ನ ಕೆರೆ ಗೇಟ್ ಹತ್ರಾನೇ ಕನ್ನಡದಲ್ಲಿ ಬರೆದು ಹಾಕ್ಲಿ, ಕೆಳಗೆ ಜವಾಬ್ದಾರಿ ಇರೋ ಅಧಿಕಾರಿ ಹೆಸರೂ ಫೋನ್ ನಂಬರೂ ಇರ್ಲಿ.

ಇತಿ,
ಒಬ್ಬ ಓದುಗ, ಬೆಂಗಳೂರು